ಅಪ್ಪ ತಂದ ಕುದುರೆ ಹಲ್ಲು

ಎಫ್ರೇಮ್, ಯೂಟಾ
ಭಾನುವಾರ

ಅಪ್ಪಾ,

ನೀವು ತೀರಿಕೊಂಡ ಮೇಲಿನ ಮೊದಲ ಉಪವಾಸದ ಭಾನುವಾರ ಇವತ್ತು. ಚರ್ಚಿನ ಸಭೆಯಲ್ಲಿ ತನ್ನ ನಂಬಿಕೆಗೆ ಸಾಕ್ಷಿ ಹೇಳಲು ಎದ್ದ ನಿಮ್ಮ ಶಿಷ್ಯ ವರ್ಲಿನ್, ನೀವು ತಂದಿದ್ದ ಕುದುರೆ ಹಲ್ಲನ್ನು ಎತ್ತಿ ಹಿಡಿದ. ಅಮ್ಮನೇ ಕೊಟ್ಟಿದ್ದಳಂತೆ.

“ಕೊಲಂಬಸ್ ಬರೋ ಕಾಲಕ್ಕೆ ಅಮೆರಿಕದಲ್ಲಿ ಕುದುರೇನೇ ಇರಲಿಲ್ಲ ಅಂತ ಪಂಡಿತರು ನಗ್ತಾರೆ. ನಮ್ಮ ಧರ್ಮದ ಮಾರ್ಮನ್ ಗ್ರಂಥ ಅದಕ್ಕೂ ಮೊದಲೇ ಕುದುರೆ ಇತ್ತು ಅನ್ನುತ್ತೆ. ಇಗೋ, ಬ್ರದರ್ ಜೆಪ್ಸನ್ ಮೆಕ್ಸಿಕೋದಲ್ಲಿ ಅಗೆದು ತಂದ ಪುರಾವೆ!”

ಅಮ್ಮ ಹೆಮ್ಮೆಯಿಂದ ಅಳುತ್ತಿದ್ದಳು.

ಹೊರಗೆ ಅವನನ್ನು ತಡೆದೆ. “ಅದು ಕೊಲಂಬಸ್ ಆದಮೇಲೆ ಕುದುರೆ ತಂದ ಸ್ಪೇನಿನವರ ಲಾಳದ ಮೊಳೆಗಳ ಜೊತೆ ಸಿಕ್ಕಿದ್ದು, ವರ್ಲಿನ್. ಅಪ್ಪನೇ ಹೇಳಿದ್ರು.”

“ಮೂವತ್ತು ವರ್ಷ ಚರ್ಚಿನಲ್ಲಿ ನಮಗೆ ಪಾಠ ಮಾಡಿದ್ರು, ಸಿಸ್ಟರ್. ಮೊಳೆ ವಿಷಯ ನಿಮಗೊಬ್ಬರಿಗೇ ಹೇಳಿದ್ರಾ?” ಎಂದು ನಕ್ಕ.

ನನಗೆ ಅವನಿಗಿಂತ ನಿಮ್ಮ ಮೇಲೆಯೇ ಸಿಟ್ಟು ಬಂತು. ಅಡುಗೆಮನೆಯಲ್ಲಿ ದನಿ ತಗ್ಗಿಸಿ ನನಗೆ ಹೇಳಿದ್ದನ್ನು ಅವರೆದುರು ಒಮ್ಮೆಯಾದರೂ ಹೇಳಬಾರದಿತ್ತೇ?

ಮನೆಗೆ ಬರುವಾಗ ಕಾರಿನಲ್ಲಿ ಅಮ್ಮ, ವರ್ಲಿನ್ ವಾಪಸು ಕೊಟ್ಟ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. “ವರ್ಲಿನ್ ಹತ್ರ ಅದೇನೋ ಅಂತಿದ್ದೆಯಲ್ಲ. ನಿಜ ಹೇಳೇ, ನಿಮ್ಮಪ್ಪ ಏನಂದಿದ್ರು?”

“ಸರಿಯಾಗಿ ನೆನಪಿಲ್ಲಮ್ಮ,” ಎಂದೆ.