ಎಂಟುನೂರು ಕಾವಲುಗಾರರು

ನಾಸಿಕ್
8 ಫೆಬ್ರವರಿ 2011

ಪ್ರೀತಿಯ ಮಗಳು ರುಚಿತಾಳಿಗೆ,

ಹೇಗಿದ್ದೀ ಮಗಾ? ಕಾಲಿನ ಉಳುಕು ವಾಸಿಯಾಯಿತೇ? ನಿನ್ನ ಜೊತೆಗಿರುವ ವಾರಿಜಾಕ್ಷಿ ಅತ್ತೆ ಫೋನಿನಲ್ಲಿ ಹೇಳಿದಳು. ಪ್ರವಾಸಿಗರನ್ನು ಕರೆದುಕೊಂಡು ದಿನಕ್ಕೆರಡು ಸಲ ದೌಲತಾಬಾದ್ ಕೋಟೆ ಹತ್ತಿ ಇಳಿದರೆ ಯಾರ ಕಾಲು ತಾನೇ ಸುಮ್ಮನಿರುತ್ತದೆ! ನಾವಿಲ್ಲಿ ಕ್ಷೇಮ. ಅಮ್ಮ ನಿಫಾಡಿನ ದ್ರಾಕ್ಷಿ ತರಿಸಿ, ನಿನಗಿಷ್ಟವೆಂದು ನೆನಪಾಗಿ, ತಾನೂ ತಿನ್ನದೆ ನನಗೂ ಕೊಡದೆ ಇಟ್ಟಿದ್ದಾಳೆ. ನೀನು ಫೋನ್ ಎತ್ತುವುದಿಲ್ಲ, ನಮ್ಮ ಕಂಪ್ಯೂಟರ್ ಆಟದಲ್ಲಿ ಬರೆದರೂ ಉತ್ತರವಿಲ್ಲ, ಹಾಗಾಗಿ ಈ ಕಾಗದ. ಕನ್ನಡವನ್ನು ಅಕ್ಷರ ಕೂಡಿಸಿ ಓದುವವಳು ನೀನು. ಅದಕ್ಕೇ ದಪ್ಪಗೆ, ಬಿಡಿಸಿ ಬರೆದಿದ್ದೇನೆ.

ಮಧ್ಯಾಹ್ನ ಮೂರಕ್ಕೆ ಊಟದವರು ಹೋಗಿ ಹೋಟೆಲು ಖಾಲಿಯಾದಾಗ ಗಲ್ಲಾದ ಕಂಪ್ಯೂಟರಿನಲ್ಲಿ ನೀನೇ ನನಗೆ ಆ ಕೋಟೆಯಾಟ ಕಲಿಸಿದೆ. ಹಳೇ ಕಾಲದ ರಾಜರ ಹಾಗೆ ಊರು ಕಟ್ಟಬೇಕು, ಕಣಜ ತುಂಬಬೇಕು, ಸೈನ್ಯ ಕೂಡಿಸಬೇಕು. ಎಲ್ಲೆಲ್ಲಿಯದೋ ಸಾವಿರಾರು ಜನ ಒಟ್ಟಿಗೆ ಆಡುತ್ತಾರೆ. ನಾನು ಆಟದ ನನ್ನ ಊರಿಗೂ ನಮ್ಮ ಹುಟ್ಟೂರು ಕೋಟೇಶ್ವರದ ಹೆಸರನ್ನೇ ಇಟ್ಟಾಗ ನೀನು ನಕ್ಕಿದ್ದೆ. ಆಮೇಲೆ ನೀನು ಔರಂಗಾಬಾದಿಗೆ ಹೊರಟ ದಿನ, ಸ್ವಂತ ಹೋಟೆಲು ಬಿಟ್ಟು ಕೋಟೆ ತೋರಿಸುವ ಕೆಲಸವೇ ಎಂಬ ಸಿಟ್ಟಿಗೆ ನಾನು ಗಲ್ಲಾದಿಂದ ಏಳಲೇ ಇಲ್ಲ. ಬಾಗಿಲಲ್ಲಿ ನೀನೊಮ್ಮೆ ತಿರುಗಿ ನೋಡಿದ್ದು ಕಂಡಿತ್ತು. ಮಾತು ನಿಂತರೂ ಆಟ ನಿಲ್ಲಲಿಲ್ಲ. ದಿನವೂ ನಾನು ನಿನ್ನೂರಿಗೆ ಒಂದು ಬಂಡಿ ಗೋಧಿ ಕಳಿಸುತ್ತಿದ್ದೆ, ನಿನ್ನ ಕಡೆಯಿಂದ ಒಂದು ಬಂಡಿ ಕಬ್ಬಿಣ ಬರುತ್ತಿತ್ತು. ಕಬ್ಬಿಣ ಬಂತೆಂದರೆ, ಮಗಳು ಇವತ್ತು ಚೆನ್ನಾಗಿದ್ದಾಳೆ ಎಂದು ಅಮ್ಮನಿಗೆ ಹೇಳುತ್ತಿದ್ದೆ.

ಜನವರಿಯಲ್ಲಿ ಪಕ್ಕದ ಊರಿನವನೊಬ್ಬ ನಿನ್ನ ಮೇಲೆ ದಂಡೆತ್ತಿ ಬರುತ್ತಾನೆಂದು ತಿಳಿದು, ನಿನ್ನನ್ನು ಕೇಳದೆ, ನನ್ನ ಎಂಟುನೂರು ಸೈನಿಕರನ್ನೂ ಕಾವಲಿಗೆ ಕಳಿಸಿದೆ. ಅವನು ಬರಲೇ ಇಲ್ಲ. ಆದರೂ ಇರಲಿ ಎಂದು ಅವರನ್ನು ಅಲ್ಲೇ ಬಿಟ್ಟೆ. ಕಾವಲಿಗೆ ಹೋದವರು ಆ ಊರಿನ ಕಣಜದಿಂದಲೇ ಉಣ್ಣುತ್ತಾರೆ ಎಂಬುದು ಆಟದ ನಿಯಮ. ಮೂವತ್ತು ವರ್ಷ ಜನರಿಗೆ ಊಟ ಬಡಿಸಿದ ನನಗೆ, ಸೈನಿಕರಿಗೂ ಹೊಟ್ಟೆಯಿದೆ ಎಂದು ಹೊಳೆಯಲಿಲ್ಲ. ನನ್ನ ಒಂದು ಬಂಡಿ ಗೋಧಿ ಅವರಿಗೆ ಯಾವ ಮೂಲೆಗೆ ಸಾಕು? ನಾಲ್ಕೇ ದಿನದಲ್ಲಿ ನಿನ್ನ ಕಣಜ ಬರಿದಾಗಿ, ವರ್ಷವಿಡೀ ನೀನು ಕೂಡಿಸಿದ್ದ ಸೈನ್ಯ ಹಸಿವಿನಿಂದ ಸತ್ತಿತು. “ಪುರೇ, ಸಾಕು ಅಪ್ಪಯ್ಯ, ನಿಮ್ಮವರೇ ನನ್ನೂರನ್ನ ತಿಂದ್ ಮುಗ್ಸಿದ್ರು” ಎಂದು ನೀನು ಆಟದಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಅಂದಿನಿಂದ ಕಬ್ಬಿಣ ಬಂದಿಲ್ಲ.

ಒಂದು ಆಟಕ್ಕೆ ಇಷ್ಟು ಸಿಟ್ಟೇ ಎಂದುಕೊಂಡಿದ್ದೆ. “ಹೆಣ್ ಹುಡ್ಗಿ ಒಬ್ಳೇ ಇಪ್ಪುಕೆ ಆತ್ತಾ?” ಎಂದು ಅತ್ತೆ ಕೇಳಿದ್ದೇ ತಡ, ನಿನ್ನನ್ನು ಕೇಳದೆ ಅವಳನ್ನು ನಿನ್ನ ಒಂದೇ ಕೋಣೆಯ ಮನೆಗೆ ಕಳಿಸಿದವನೂ ನಾನೇ. ಮೂರು ತಿಂಗಳಿನಿಂದ ನೀನು ಎಷ್ಟು ಗಂಟೆಗೆ ಬಂದೆ, ಯಾರೊಡನೆ ಮಾತಾಡಿದೆ ಎಂಬ ವರದಿಯೆಲ್ಲ ನನಗೆ ತಲುಪುತ್ತದೆ. ಉಳುಕಿದ ಕಾಲಿನಲ್ಲೂ ನೀನು ಮಂಚವನ್ನು ಅವಳಿಗೆ ಬಿಟ್ಟು ನೆಲದ ಮೇಲೆ ಮಲಗುತ್ತೀ ಎಂದು ಮೊನ್ನೆ ಅವಳೇ ಹೇಳಿದಳು. ಕೇಳಿ ನಾಚಿಕೆಯಾಯಿತು. ನಿನ್ನ ನೆನಪು ಬಹಳ ಆಗುತ್ತದೆ ಮಗಾ. ಮೂರು ಗಂಟೆಗೆ ಗಲ್ಲಾದ ಪಕ್ಕ ಈಗಲೂ ಇನ್ನೊಂದು ಕುರ್ಚಿ ಹಾಕುತ್ತೇನೆ.

ನಿನ್ನನ್ನು ಕಾಯುವ ಕೆಲಸವನ್ನು ಇನ್ನು ದೇವರಿಗೇ ಬಿಟ್ಟಿದ್ದೇನೆ. ಅಮ್ಮನ ಆಶೀರ್ವಾದ. ಕಾಲಿಗೆ ಬಿಸಿನೀರಿನ ಶಾಖ ಕೊಡು.

ಇತಿ ನಿನ್ನ ಅಪ್ಪಯ್ಯ,
ದೇವದಾಸ

ತಾ.ಕ.: ಸೈನಿಕರನ್ನು ಇವತ್ತು ವಾಪಸ್ ಕರೆಸಿಕೊಂಡೆ. ಅತ್ತೆಗೂ ಶನಿವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಭಾನುವಾರ ನಾನೊಬ್ಬನೇ ನಿನ್ನ ಕೋಟೆ ನೋಡಲು ಬರಲೇ? ಬರಬಹುದಾದರೆ ಒಂದು ಬಂಡಿ ಕಬ್ಬಿಣ ಕಳಿಸು, ಸಾಕು. ಅಂದೇ ಸಂಜೆಯ ಬಸ್ಸಿಗೆ ವಾಪಸ್ ಹೊರಟುಬಿಡುತ್ತೇನೆ. ನನ್ನ ಊಟ ನಾನೇ ತರುತ್ತೇನೆ.