ಕೇರಿಗೊಳ್ಳುಗನ ಕಣ್ಣೀರ ಪರೀಕ್ಷೆ

ತೇಲುಕಾರವಾರ,
ಫೆಬ್ರವರಿ ೩೧, ೨೪೧೯

ಹಳಬರೇ,

ಮೊದಲು ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ನಮ್ಮ ಅಂಚೆಯಲ್ಲಿ, ನೆರೆ, ಭೂಕಂಪ, ಮಹಾಮಾರಿಗಳ ಎಚ್ಚರಿಕೆ ಬಿಟ್ಟು ಬೇರೇನೂ ಕಳಿಸುವಂತಿಲ್ಲ. ನಾನು ಲಕೋಟೆಯ ಮೇಲೆ ‘ನೆರೆ’ ಎಂದು ಬರೆದೆ. ಪೂರ್ತಿ ಸುಳ್ಳಲ್ಲ; ಉಕ್ಕಿದ್ದು ಹೊಳೆಯಲ್ಲ, ಕಣ್ಣು. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯ ಬಡತನ ನೋಡಲಾರದೆ ನಾವು ಅದಕ್ಕೆ ಮೂರು ದಿನ ದಾನ ಮಾಡಿದ್ದೇವೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನೂರು ವರ್ಷ ಹೆಚ್ಚಿಗೆ ಬಳಸಿದ ಭಾಷೆ, ಅಲ್ಲಲ್ಲಿ ಸವೆದಿದೆ.

ನಿಮ್ಮ ಕಾಲದ ಕ್ರಿಕೆಟ್ ಪಂದ್ಯಗಳು ನಮಗೆ ಒಂದೂ ಉಳಿದಿಲ್ಲ. ಪಂದ್ಯ ಒಮ್ಮೆ ಬಂದು ಹೋಯಿತು. ನಡುವಿನ ಜಾಹೀರಾತು ಸಾವಿರ ಸಲ ಬಂತು, ಅದೇ ಉಳಿಯಿತು. ಯಾರು ಗೆದ್ದರೋ ಗೊತ್ತಿಲ್ಲ, ಯಾರ ತಾಯಿ ಅತ್ತಳೋ ಚೆನ್ನಾಗಿ ಗೊತ್ತು. ಕ್ರಿಕೆಟ್ ಎಂದರೆ ಅಮ್ಮಂದಿರ ಆಟ, ಮೊದಲು ಅತ್ತವಳ ಮಗನಿಗೆ ಬಿಸ್ಕತ್ತು ಎಂದು ವಾದಿಸುವ ವಿದ್ವಾಂಸರೂ ನಮ್ಮಲ್ಲಿದ್ದಾರೆ.

ಈ ಜಾಹೀರಾತುಗಳಿಂದಲೇ ನಾವು ಕೇರಿಗೊಳ್ಳುಗನನ್ನು ಆರಿಸುವುದು. ಕಂಡದ್ದನ್ನೆಲ್ಲ ಕೊಂಡು ಹಿರಿಯರು ಮುಳುಗಿದ ಮೇಲೆ, ಇಡೀ ಕೇರಿಗೆ ಒಬ್ಬನೇ ಸಂತೆ ಮಾಡುವ ಪದ್ಧತಿ ಬಂತು. ಅವನು ಯಾವ ಮರುಳಿಗೂ ಕರಗಬಾರದು. ವರ್ಷಕ್ಕೊಮ್ಮೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಗದ್ದದ ಕೆಳಗೆ ಕಂಚಿನ ಬಟ್ಟಲು ಹಿಡಿದು, ನಿಮ್ಮ ಜಾಹೀರಾತು ತೋರಿಸುತ್ತಾರೆ. ಬಟ್ಟಲು ಒದ್ದೆಯಾದರೆ ಹುದ್ದೆ ಹೋಯಿತು. ಬಹುಕಾಲದಿಂದ ಆ ಹುದ್ದೆ ನನ್ನದು. ನನ್ನ ನಂತರ ಸಾಲಿನಲ್ಲಿ ನಿಂತವನು ಹೆಂಡತಿಯ ತಮ್ಮ ಖೇಮು. ಯಾರಾದರೂ ಮಳೆಯಲ್ಲಿ ನೆನೆಯುವುದನ್ನು ತೋರಿಸಿದರೆ ಸಾಕು, ಕೊಡೆ ಕೊಳ್ಳುವ ಪ್ರಾಣಿ. ಅವನ ಕೈಗೆ ಚೀಲ ಹೋದರೆ ಕೇರಿಗೆ ಅನ್ನವಿರದು, ಕೊಡೆ ಮಾತ್ರ ಇರುತ್ತದೆ.

ನಾನಾದರೋ ಗುಟ್ಟು ಬಲ್ಲವನು. ಅಪ್ಪ ಸೈಕಲ್ ಮಾರಿ ಬ್ಯಾಟು ತರುತ್ತಾನೆ, ಪಿಟೀಲು ಏಳುತ್ತದೆ: ಟೂತ್‌ಪೇಸ್ಟು. ಓಡುವ ಹುಡುಗಿಯ ಬೆವರು ನಿಧಾನವಾಗಿ ನೆಲಕ್ಕೆ ಬೀಳುತ್ತದೆ: ಸಿಮೆಂಟು. ಅಜ್ಜಿ ಟೀವಿಗೆ ಆರತಿ ಎತ್ತುತ್ತಾಳೆ, ದೇಶ ಗೆಲ್ಲುತ್ತದೆ: ಬನಿಯನ್. ಅಳು ಬರುವುದಕ್ಕೂ ಮಾಲು ಬರುವುದಕ್ಕೂ ನಡುವೆ ಒಂದೇ ಉಸಿರಿನ ಸಂದು. ಆ ಉಸಿರನ್ನು ಹಿಡಿದವನು ಪಾರಾದ. ಬ್ಯಾಟು ಬೀಸುವವನನ್ನಲ್ಲ, ಬಲೆ ಬೀಸುವವನನ್ನು ನೋಡಿ ಎಂದು ಶಾಲೆಗಳಲ್ಲಿ ಪಾಠ ಹೇಳಿದವನು ನಾನು. ಮಗಳ ಮದುವೆಯಲ್ಲೂ ಕಣ್ಣು ಒದ್ದೆಯಾಗಲಿಲ್ಲ. “ಇವ್ರು ಮನುಷ್ಯರಲ್ಲ, ಒಣಮೀನು” ಎಂದು ಹೆಂಡತಿ ಶೇವಂತಿ ಬೀಗರ ಎದುರೇ ಅಂದಳು. ನಾನದನ್ನು ಬಿರುದೆಂದು ಸ್ವೀಕರಿಸಿದೆ.

ಈ ಸಲದ ಪರೀಕ್ಷೆಯಲ್ಲೂ ಅಪ್ಪ, ಹುಡುಗಿ, ಅಜ್ಜಿ ಬಂದುಹೋದರು. ನಾನು ಆಕಳಿಸಿದೆ. ಕೊನೆಗೆ ಹೊಸದಾಗಿ ಸಿಕ್ಕ ಒಂದು ತುಣುಕು. ಒಬ್ಬ ಹನ್ನೆರಡನೆಯ ಆಟಗಾರ. ಎಂದೂ ಆಡಿದವನಲ್ಲ, ಆಡುವವರಿಗೆ ನೀರು ಹೊತ್ತೇ ತಲೆ ನರೆತವನು. ಕೊನೆಯ ದಿನ ಖಾಲಿ ಮೈದಾನದ ಅಂಚಿಗೆ ಕೂತು ಬೂಟು ಬಿಚ್ಚುತ್ತಿದ್ದಾನೆ. ನಾಯಕ ಓಡಿಬರುತ್ತಾನೆ, ಕೈಯಲ್ಲಿ ನೀರಿನ ಲೋಟ. “ಕುಡಿ ಮಾರಾಯ” ಎನ್ನುತ್ತಾನೆ. ಅಷ್ಟೇ. ಆಮೇಲೆ ಬಿರಿದ ಹಿಮ್ಮಡಿ, ಆಮೇಲೆ ಮುಲಾಮು.

ಪಿಟೀಲು ಕೇಳಿಸಿತು. ಉಸಿರು ಹಿಡಿಯಬೇಕಾದ ಜಾಗವೂ ಗೊತ್ತಾಯಿತು. ಹಿಡಿಯಲು ಹೋದರೆ ಉಸಿರೇ ಬಿಕ್ಕಾಗಿ ಹೊರಬಂತು. ಬಟ್ಟಲು ಟಿಣ್ ಎಂದಿತು. ಹಿಂದೆ ನಿಂತಿದ್ದ ಖೇಮು ಬಗ್ಗಿ, “ಏನ್ ಭಾವಾ, ಭಾವ ಬಂತಾ?” ಎಂದ. ಕೇರಿಯೇ ನಕ್ಕಿತು. ಶೇವಂತಿ ಮಾತ್ರ ನಗಲಿಲ್ಲ. “ಮಗಳಿಗಿಲ್ಲದ ನೀರು ಮುಲಾಮಿಗೆ ಬಂತೇ?” ಎಂದು ಕೇಳಿ ಒಳಗೆ ಹೋದಳು. ಸಂಜೆಯೊಳಗೆ ಸಂತೆಚೀಲ ಖೇಮುವಿನ ಹೆಗಲೇರಿತು. ಮೊದಲ ಕೊಡೆಗಳೂ ಬಂದಿವೆ.

ನಿಮ್ಮನ್ನು ಎಚ್ಚರಿಸಲೆಂದು ಬರೆಯಲು ಕೂತೆ. ಆದರೆ ಹೇಳಲು ಉಪಾಯ ಯಾವುದೂ ನನ್ನಲ್ಲಿಲ್ಲ. ಬಲೆಯ ಒಂದೊಂದು ಗಂಟೂ ಬಲ್ಲ ಮೀನು, ಸಿಕ್ಕಿಬಿದ್ದಾಗ ಬರೀ ಮೀನು.

ಒಂದು ಕೋರಿಕೆ ಮಾತ್ರ ಇದೆ. ಆ ಮುಲಾಮು ಇಲ್ಲಿ ಎಲ್ಲೂ ಸಿಗುತ್ತಿಲ್ಲ. ದೋಣಿದೋಣಿ ಹತ್ತಿ ಹುಡುಕಿದೆ. ದಯವಿಟ್ಟು ಎರಡು ಡಬ್ಬಿ ಕೊಂಡು ಕಾರವಾರದ ಗುಡ್ಡದ ತುದಿಯಲ್ಲಿ ಹೂತಿಡಿ, ಅದೊಂದೇ ಇನ್ನೂ ನೀರಿನ ಮೇಲಿದೆ, ನಾನು ಅಗೆದುಕೊಳ್ಳುತ್ತೇನೆ. ನನ್ನ ಹಿಮ್ಮಡಿ ಒಡೆದಿಲ್ಲ. ಇಲ್ಲಿನ ತೇವಕ್ಕೆ ಯಾರದೂ ಒಡೆಯುವುದಿಲ್ಲ. ಆದರೂ ದೊಡ್ಡ ಡಬ್ಬಿಯೇ ಇರಲಿ. ಅದರ ಜೊತೆ ಬಾಚಣಿಗೆ ಪುಕ್ಕಟೆಯಂತೆ.

ನನ್ನ ತಲೆ ಬೋಳು.