ಆಯುಧಪೂಜೆಯ ದಿನ ಮಲಗಿದ್ದ ಪಾನಾಗಳು

೨೨೧೪ನೇ ಇಸವಿ, ಅಕ್ಟೋಬರ್ ಮೂವತ್ತೆರಡು
ಹರಿಹರ, ತುಂಗಭದ್ರೆಯ ದಂಡೆ

ಮನೆಯ ಪಡಸಾಲೆಯಲ್ಲೋ ಶೆಡ್ಡಿನಲ್ಲೋ ಸ್ವಂತ ಕೈಯಾರೆ ಕಾರು ಕಟ್ಟುವ ಹುಚ್ಚು ಹಿಡಿದಿರುವ, ಇನ್ನೂರು ವರ್ಷ ಹಿಂದಿನ ನನ್ನ ಅಣ್ಣಂದಿರಿಗೂ ಅಕ್ಕಂದಿರಿಗೂ ಹಾಲಮ್ಮ ಮಾಡುವ ಗ್ರೀಸು ಮೆತ್ತಿದ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳಿಗೆ ದಿನ ಸಾಲುತ್ತಿಲ್ಲವೆಂದು ನಮ್ಮ ಮಹಾಸಭೆಯವರು ಒಂದು ದಿನ ಸೇರಿಸಿದರು. ಅವರ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ವಸ್ತುಸಂಗ್ರಹಾಲಯದ ಹಳೆಯ ಆಟೋಗಳ ಬೆನ್ನ ಮೇಲಿನ ಬರಹಗಳಿಂದ. ಹಾಗಾಗಿ ಅಲ್ಲಲ್ಲಿ ತಾಯಿಯ ಆಶೀರ್ವಾದ ತುಸು ಹೆಚ್ಚಾಗಿ ಕಂಡರೆ ತಪ್ಪು ನನ್ನದಲ್ಲ, ಪಠ್ಯದ್ದು.

ನಮ್ಮಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ತಾನೋಟ ಎಂಬುದಿದೆ, ಎಂದರೆ ತಾನೇ ಬಂದು, ತಾನೇ ಕೂರಿಸಿಕೊಂಡು, ತಾನೇ ಇಳಿಸಿ ಹೋಗುವ ಗಾಡಿ. ಬಹಳ ಸಭ್ಯ ವಾಹನ. ಆದರೆ ಅದರ ನಕ್ಷೆಯಲ್ಲಿ ಇಲ್ಲದ ಜಾಗಕ್ಕೆ ಅದು ಹೋಗದು, ದಾರಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಂಡರೂ ನಿಲ್ಲದು. ಮನುಷ್ಯರು ತಮ್ಮ ಕೈಯಾರೆ ಗಾಡಿ ಓಡಿಸಬೇಕಾದರೆ ಅದು ‘ಸ್ವಹಸ್ತ’ ಆಗಿರಬೇಕೆಂದು ಕಾಯ್ದೆ. ಕೈಯುಪಕರಣಗಳಿಂದ ಮನೆಯಲ್ಲೇ ಕಟ್ಟಿದ ಕಾರಿಗೆ ಆ ಹೆಸರು. ಪರೀಕ್ಷಕರು ಮನೆ ಬಾಗಿಲಿಗೆ ಬರುತ್ತಾರೆ. ಓಣಿ ಸುತ್ತಿ ಬಂದರೆ ಪರವಾನಗಿ. ನಡುವೆ ನಿಂತು, ಕಟ್ಟಿದವರು ಅಲ್ಲೇ ಸರಿಮಾಡಲಾಗದಿದ್ದರೆ ಕಾರು ಸರ್ಕಾರಿ ಕುಲುಮೆಗೆ ಹೋಗಿ ಕರಗುತ್ತದೆ.

ನನ್ನ ಸೋದರತ್ತೆ ಕೊಟ್ರವ್ವ ಅಂಥದೊಂದು ಸ್ವಹಸ್ತ ಕಟ್ಟಿದಳು. ಕಾರಣ ಅವಳ ಗಂಡ ರುದ್ರಮುನಿ ಮಾವ. ಮಾವ ಹೊಳೆಯಲ್ಲಿ ಈಜಿ ಬೆಳೆದವನು; ದಿನಾ ಬೆಳಿಗ್ಗೆ ಮರಳಿನ ದಂಡೆಗೆ ಹೋಗಿ ಮುಳುಗೆದ್ದು ಬರದಿದ್ದರೆ ಅವನಿಗೆ ಚಹಾ ರುಚಿಸುತ್ತಿರಲಿಲ್ಲ. ಮಂಡಿಗಳು ಮರಗಟ್ಟಿ, ಕಾಲು ಮಡಿಚಲಾಗದೆ ಮನೆಯಲ್ಲಿ ಕೂತ ಮೇಲೆ ಅವನು ಹೊಳೆಯ ಹೆಸರೆತ್ತುವುದನ್ನೇ ಬಿಟ್ಟ. ಆ ದಂಡೆಯ ದಾರಿ ತಾನೋಟದ ನಕ್ಷೆಯಿಂದ ಅಳಿಸಿಹೋಗಿ ಎಷ್ಟೋ ಕಾಲವಾಗಿದೆ. ಒಂದು ದಿನ ಅತ್ತೆ ಹಿಟ್ಟಿನ ಕೈ ತೊಳೆದು, “ನಕ್ಷೆ ಅವರದು, ಹೊಳಿ ನಮ್ಮದು” ಎಂದವಳೇ ಪಡಸಾಲೆಯ ಮಂಚ ಹೊರಗೆ ಹಾಕಿ ಅಲ್ಲಿ ಜಾಕಿ ತಂದಿಟ್ಟಳು.

ಇಲ್ಲಿ ಆ ಉಪಕರಣಗಳ ಪರಿಚಯ ಮಾಡಿಕೊಡುವುದು ನನ್ನ ಧರ್ಮ. ಎದ್ದು ನಿಲ್ಲುವವರು ನಿಲ್ಲಬಹುದು. ಮನೆಗೆ ಹಿರಿಯ ವೈಸು, ಎಂದರೆ ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳ: ಹಿಡಿದದ್ದನ್ನು ಬಿಡದ, ಮಾತಾಡದ, ನಮ್ಮ ಅಜ್ಜನ ಸ್ವಭಾವದ್ದು. ಇದೊಂದಿದ್ದರೆ ಮನೆಯಲ್ಲಿ ಮೂರನೆಯ ಕೈ ಇದ್ದ ಹಾಗೆ. ಆಮೇಲೆ ಜಾಕಿ. ಜಾಕಿಯನ್ನು ಪ್ರೀತಿಸಿ, ನಂಬಬೇಡಿ. ಅದು ಎತ್ತಿದ ಮೇಲೆ ಕೆಳಗೆ ಹೊನ್ನೆಮರದ ದಿಮ್ಮಿ ಕೊಟ್ಟೇ ತಲೆ ತೂರಿಸುವುದು ಅತ್ತೆಯ ನಿಯಮ. ಗಟ್ಟಿ ಕೂತ ನಟ್ಟಿಗೆ ಪಾನಾದ ಬಾಲಕ್ಕೆ ಸಿಕ್ಕಿಸುವ ಮೊಳದುದ್ದದ ಕಬ್ಬಿಣದ ಪೈಪು. ಅದಕ್ಕೆ ನಾವು ‘ತಹಶೀಲ್ದಾರ’ ಎನ್ನುತ್ತೇವೆ, ಯಾಕೆಂದರೆ ಅದು ಬಂದರೇನೇ ಕೆಲಸ ಅಲ್ಲಾಡುವುದು. ತಗಡಿಗೆ ತಗ್ಗು ಬೀಳದಂತೆ ಬಡಿಯಲು ಮರದ ಕೊಡತಿ. ಕೂದಲೆಳೆಯಷ್ಟು ಸಂದನ್ನೂ ಅಳೆಯುವ ಉಕ್ಕಿನ ಎಲೆಗಳ ಗೇಜು, ಅದನ್ನು ಮಾವ ಬೀಸಣಿಗೆಯೆಂದು ತಿಳಿದು ಒಮ್ಮೆ ಬೀಸಿಕೊಂಡಿದ್ದ. ಕೊನೆಗೆ ಪಾನಾಗಳು, ನೀವು ಸ್ಪ್ಯಾನರ್ ಎನ್ನುವವು. ಅವುಗಳಲ್ಲಿ ಹತ್ತರ ಪಾನಾ ಮಹಾರಾಣಿ. ಬ್ಯಾಟರಿಯಿಂದ ಬಂಪರಿನವರೆಗೆ ಅರ್ಧ ಕಾರು ಅವಳೊಬ್ಬಳ ಮಾತು ಕೇಳುತ್ತದೆ. ಹೊಸದಾಗಿ ಶುರುಮಾಡುವವರು ಮೊದಲು ಇಷ್ಟನ್ನು ಕೂಡಿಸಿಕೊಳ್ಳಿ. ಮಿಕ್ಕದ್ದು ಬರಿಯ ಒಡವೆ.

ಕಾರು ತಯಾರಾಯಿತು. ಮೆಕ್ಕೆಜೋಳದ ಸಾರಾಯಿ ಕುಡಿದು ಓಡುವ ಇಂಜಿನ್ನು. ಕೆಮ್ಮಿದರೆ ಇಡೀ ಓಣಿಗೆ ಅಮಲು. ಪರೀಕ್ಷೆಯ ದಿನವನ್ನು ಗೊತ್ತುಮಾಡುವುದು ಯಂತ್ರ, ಅದಕ್ಕೆ ಹಬ್ಬ ಹುಣ್ಣಿಮೆ ತಿಳಿಯದು. ಸರಿಯಾಗಿ ಆಯುಧಪೂಜೆಯ ದಿನ ಕೊಟ್ಟಿತು. ಅತ್ತೆ ಅಳುಕಲಿಲ್ಲ. ಬೆಳಿಗ್ಗೆಯೇ ವೈಸಿಗೆ ವಿಭೂತಿ ಬಳಿದು, ಪಾನಾಗಳನ್ನು ಸಾಲಾಗಿ ಮಲಗಿಸಿ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹೊದಿಸಿ ದೀಪ ಹಚ್ಚಿದಳು. ಈ ಪೂಜೆಯನ್ನು ಮರುದಿನ ಬೆಳಿಗ್ಗೆ ಕದಲಿಸುವ ತನಕ ಆಯುಧ ಮುಟ್ಟುವಂತಿಲ್ಲ. ಅದು ನಿಮಗೂ ಗೊತ್ತು.

ಪರೀಕ್ಷಕಿ ಮಂಗಳಗೌರಿ ಮೇಡಂ ಬಂದರು. ಎದುರು ಮನೆಯ ಖಾಸಿಂ ಚಾಚಾ ಮತ್ತವರ ಮಕ್ಕಳು ಸೇರಿ ಮಾವನನ್ನು ಓರೆಮಾಡಿ, ಹಿಂದೆ ಮುಂದೆ ತಿರುಗಿಸಿ, ಕಪಾಟು ಸಾಗಿಸಿದ ಹಾಗೆ ಮುಂದಿನ ಸೀಟಿಗೆ ತೂರಿಸಿದರು. ಗಾಲಿಗಳು ನಿಂಬೆಹಣ್ಣು ಜಜ್ಜಿ ಹೊರಟವು. ಓಣಿಯ ಕೊನೆಯ ತಿರುವಿನಲ್ಲಿ ಇಂಜಿನ್ನು ಬಿಕ್ಕಿ ನಿಂತಿತು. ಅತ್ತೆ ಬಾನೆಟ್ ಎತ್ತಿದಳು. ಬ್ಯಾಟರಿಯ ತಲೆಗೆ ತಂತಿ ಹಿಡಿದಿಡುವ ಪಟ್ಟಿ ನಡುಗಿ ಸಡಿಲವಾಗಿತ್ತು. ಹತ್ತರ ಪಾನಾದಲ್ಲಿ ಒಂದು ತಿರುವು ತಿರುವಿದರೆ ಮುಗಿಯಿತು. ಮಹಾರಾಣಿ ಹೂವಿನಡಿ ಮಲಗಿದ್ದಾಳೆ.

“ತರ್ಲೇನತ್ತೆ?” ಎಂದೆ. “ಕೈ ಮುರೀತೀನಿ” ಎಂದಳು. “ವರ್ಷಕ್ಕ ಒಂದಿನ ಮಲಗ್ತಾವ. ಅವನ್ನೂ ಎಬ್ಸಿದ್ರ ನಾನೇನು ತಾನೋಟದ ಯಂತ್ರನಾ?” ಖಾಸಿಂ ಚಾಚಾರ ಗ್ಯಾರೇಜಿಗೆ ಓಡಿದರೆ ಅಲ್ಲಿಯೂ ಎಲ್ಲ ಪಾನಾಗಳಿಗೆ ಕುಂಕುಮ. “ನಮ್ಮಪ್ಪನ ಕಾಲದಿಂದ ಮಾಡ್ತೀವವ್ವಾ, ಇವತ್ತು ನಮ್ಮವೂ ಏಳಂಗಿಲ್ಲ” ಎಂದು ಚಾಚಾ ತಲೆ ಕೆರೆದರು. ಮೇಡಂ ಗಡಿಯಾರ ನೋಡತೊಡಗಿದರು. ಕುಲುಮೆಗೆ ಒಯ್ಯುವ ಲಾರಿ ಓಣಿಯ ಬಾಯಲ್ಲಿ ನಿಂತಿತ್ತು.

ಅತ್ತೆ ಬೆರಳಲ್ಲಿ ತಿರುವಿದಳು, ಹಲ್ಲು ಕಚ್ಚಿದಳು, ಆಗಲಿಲ್ಲ. ಪಟ್ಟಿಯ ಸಂದಿಗೆ ಮೆತ್ತನೆಯ ಲೋಹದ ಚೂರು ಸಿಕ್ಕರೂ ಸಾಕಿತ್ತು. ಆಮೇಲೆ ಬಂದು ಮಾವನ ಬಾಗಿಲು ತೆಗೆದು, ತನ್ನ ಎಡಗಾಲನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. “ಕಾಲುಂಗುರ ತೆಗೀರಿ.”

ಓಣಿಯ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಗಂಡ ಗುಂಡುಕಲ್ಲಿನ ಹಾಗೆ ಕೂತಿರುವಾಗ ಹಬ್ಬದ ದಿನ ಕಾಲುಂಗುರ! “ನಾನು ತೆಗೀಬಾರ್ದು ಅಲ್ರಿ, ತೊಡ್ಸಿದವ್ರು ತೆಗದ್ರ ಏನಾಕ್ಕತಿ?” ಎಂದಳು ಅತ್ತೆ. ನಾನು ಮನೆಗೆ ಓಡಿ ಪೂಜೆಯ ದೀಪದಿಂದ ಒಂದು ಬೊಟ್ಟು ಎಣ್ಣೆ ತಂದೆ. ಮಾವ ಹಚ್ಚಿ ತಿಕ್ಕಿದ. ಉಂಗುರ ಜಪ್ಪಯ್ಯ ಎನ್ನಲಿಲ್ಲ. “ಮದುವ್ಯಾಗೂ ಹಿಂಗಾ ಒದ್ದಾಡ್ಸಿದ್ಳು ಮೇಡಂ” ಎಂದ. “ಮಾತು ಕಮ್ಮಿ ಮಾಡಿ ಎಳೀರಿ” ಎಂದಳು. ಎಳೆದ. ಅತ್ತೆ ಆ ಬೆಳ್ಳಿಯನ್ನು ನೆಟ್ಟಗೆ ಮಾಡಿ, ಪಟ್ಟಿಯ ಸಂದಿಗೆ ಸಿಕ್ಕಿಸಿ, ಚಪ್ಪಲಿಯ ಹಿಮ್ಮಡಿಯಿಂದ ಬಡಿದು ಕೂರಿಸಿದಳು. ಇಂಜಿನ್ನು ಗುಡುಗಿತು.

ಮೇಡಂ, “ಉಪಕರಣ ಯಾವುದು ಅಂತ ಬರ್ಕೊಳ್ಲಿ?” ಎಂದರು. “ನನ್ನ ಹೆಸರಾ ಬರ್ಕೊಳ್ರಿ” ಎಂದ ಮಾವ. ಮೇಡಂ ಮುಖ ತಿರುಗಿಸಿ ಯಾಕೋ ಬಹಳ ಹೊತ್ತು ಕೆಮ್ಮಿದರು. ಸಾರಾಯಿಯ ಹೊಗೆ ಇರಬಹುದು. ಪರವಾನಗಿ ಕೊಟ್ಟರು, ಲಾರಿ ಖಾಲಿ ಹೋಯಿತು.

ಅತ್ತೆ ಮನೆಯ ಕಡೆ ತಿರುಗಿಸಲೇ ಇಲ್ಲ. ಹಿಂದೆ ನಾನು ಜಿಗಿದು ಕೂತೆ. ಜಾಲಿಗಿಡಗಳ ನಡುವೆ ಹಳೆಯ ದಾರಿ ಹಿಡಿದು ದಂಡೆಗೆ ಬಂದೆವು. ನವರಾತ್ರಿಯ ತುಂಬು ಹೊಳೆ, ಅಂಚಿನಲ್ಲಿ ಮಾತ್ರ ತೆಳ್ಳಗೆ ಮರಳ ಮೇಲೆ ಹರಿಯುತ್ತಿತ್ತು. ಬಾಗಿಲು ತೆಗೆದು ಮಾವನ ಕೈ ಹಿಡಿದು ಎಳೆದಾಗ ಗೊತ್ತಾಯಿತು: ಅವನು ಹೊರಗೆ ಬರುತ್ತಿಲ್ಲ. ಕಾಲು ಮಡಿಚುವುದಿಲ್ಲ, ಬಾಗಿಲು ಅಷ್ಟು ಅಗಲವಿಲ್ಲ, ಚಾಚಾರ ಮಕ್ಕಳು ಇಲ್ಲಿಲ್ಲ. ಕೂದಲೆಳೆಯ ಸಂದನ್ನು ಅಳೆದ ನನ್ನ ಅತ್ತೆ ಗಂಡನನ್ನು ಅಳೆಯುವುದನ್ನು ಮರೆತಿದ್ದಳು.

“ಇರ್ಲಿ ಬಿಡು ಕೊಟ್ರಿ. ಇಲ್ಲಿಂದಾನಾ ಚೆಂದ ಕಾಣ್ತೈತಿ” ಎಂದ ಮಾವ, ಬಹಳ ಮೆತ್ತಗೆ.

ಅತ್ತೆ ಅವನ ಬಾಗಿಲು ಮುಚ್ಚಿದಳು. ಸುತ್ತಿ ಬಂದು ಕೂತಳು. ಮೊದಲ ಗೇರು ಹಾಕಿದಳು. ಕಾರು ಮರಳಿಳಿದು, ಮೆಲ್ಲಗೆ, ಎಮ್ಮೆ ಇಳಿದಂತೆ ಹೊಳೆಗೆ ಇಳಿಯಿತು. ನೆಲದ ತಗಡಿನ ಜೋಡಣೆಯಲ್ಲಿ ಅವಳು ಬೆಸುಗೆ ಹಾಕದೆ ಬಿಟ್ಟಿದ್ದ ಸಂದುಗಳಿಂದ ನೀರು ಚಿಲ್ಲನೆ ಚಿಮ್ಮಿ, ಮಾವನ ಹಿಮ್ಮಡಿ, ಹರಡು, ಮೀನಖಂಡ ಮುಟ್ಟಿತು. ಇಂಜಿನ್ನು ಗೊರಕೆ ಹೊಡೆದು ನಿಂತಿತು. ಮಾವ ಎರಡೂ ಕೈಯಲ್ಲಿ ನೀರು ಬೊಗಸೆ ಮಾಡಿ ಮುಖಕ್ಕೆ ಹೊಯ್ದುಕೊಂಡ. “ತಣ್ಣಗೈತಿ” ಎಂದ. ಇನ್ನೊಮ್ಮೆ ಹೊಯ್ದುಕೊಂಡು, “ಲೇ ತಣ್ಣಗೈತಲ್ಲೇ!” ಎಂದು ಅತ್ತೆಯ ಮೇಲೂ ಎರಚಿದ.

ಕಾರನ್ನು ಹೊಳೆಯಿಂದ ಎಳೆದದ್ದು ಹೇಗೆ ಎಂಬ ಪುರಾಣ ಬಿಡಿ. ನನ್ನದೊಂದೇ ಕೋರಿಕೆ, ಹಿರಿಯರೇ. ನಿಮ್ಮ ವೈಸು, ಜಾಕಿ, ಪಾನಾಗಳನ್ನು ಗುಜರಿಗೆ ಹಾಕದೆ ನಮಗಾಗಿ ಇಟ್ಟು ಹೋಗಿ, ಅದಂತೂ ಇದ್ದದ್ದೇ. ಆದರೆ ನಿಮ್ಮ ಕಾರಿನ ನೆಲಕ್ಕೆ ಬೆಸುಗೆ ಹಾಕುವ ದಿನ, ಎಲ್ಲ ಸಂದುಗಳನ್ನೂ ಮುಚ್ಚಿ ಹೆಮ್ಮೆ ಪಡುವ ಮುನ್ನ, ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆಂದು ಒಮ್ಮೆ ನೆನೆದು, ಅವರ ಕಾಲ ಬಳಿ ಒಂದೆರಡು ಕಡೆ ಬಿಟ್ಟುಬಿಡಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಡೆಯವಳು,
ಹಾಲಮ್ಮ